ಎತ್ತಿಟ್ಟ ಕ್ರಾಸು

ಕ್ರಾಸು ಒಂದಕ್ಕೆ ಈಗ ಹೆಚ್ಚೆಂದರೆ ನಲವತ್ತು ಡಾಲರು, ಅದೂ ಸಿಕ್ಕಿದರೆ. ಸೆಲ್ಮರ್ ಕ್ವಾಮೆಯ ಓಕ್ ಮರದ ಶವಪೆಟ್ಟಿಗೆಗೆ ಮೂರು ಸಾವಿರ. ಗುಂಡಿ ತೋಡಿದವನಿಗೆ ಆರುನೂರು. ನಲವತ್ತು ಡಾಲರಿನ ಸಾಮಾನಿಲ್ಲದೆ ಮೂರು ಸಾವಿರದ ಪೆಟ್ಟಿಗೆ ಚರ್ಚಿನ ಬಾಗಿಲಲ್ಲೇ ಕೂರುವ ಹಾಗಾಯಿತಲ್ಲ ಎಂದು ಆರ್ವಿಡ್ ಮೋ ಲಾರಿಯ ಅಡಿಯಲ್ಲಿ ಅಂಗಾತ ಮಲಗಿಕೊಂಡೇ ಲೆಕ್ಕ ಹಾಕುತ್ತಿದ್ದ.

ಅವನ ಎರಡೂ ಕೈ ಶಾಫ್ಟನ್ನು ಹಿಡಿದಿದ್ದವು. ಎಂಜಿನ್ನಿನ ತಿರುಗುವ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಉಕ್ಕಿನ ಕೊಳವೆ ಅದು. ಎಡಕ್ಕೆ ತಿರುಚಿದ. ಬಲಕ್ಕೆ ತಿರುಚಿದ. ಹಿಂದಿನ ತುದಿಯಲ್ಲಿ ಶಾಫ್ಟನ್ನು ಆಕ್ಸಲ್ಲಿಗೆ ಕೂಡಿಸುವ ಕ್ರಾಸು, ಸಡಿಲವಾದ ಹಲ್ಲಿನ ಹಾಗೆ ಅಲ್ಲಾಡಿ 'ಠಣ್' ಎಂದಿತು. ಕೆಂಪು ತುಕ್ಕಿನ ಪುಡಿ ಅವನ ಮೀಸೆಯ ಮೇಲೆ ಉದುರಿತು.

"ಏನ್ ಡಾಕ್ಟ್ರೇ, ರೋಗಿ ಉಳೀತಾನಾ?" ಹೊರಗಿನಿಂದ ಓಬರ್ಟ್ ಕೇಳಿದ. ಲಾರಿಯ ಅಡಿಯಿಂದ ಅವನ ಪಾಲಿಶ್ ಮಾಡಿದ ಬೂಟುಗಳಷ್ಟೇ ಕಾಣುತ್ತಿದ್ದವು. ಪೆಟ್ಟಿಗೆಗೆ ಹೆಗಲು ಕೊಡುವ ಆರು ಜನರಲ್ಲಿ ಅವನೂ ಒಬ್ಬ.

"ಹಿಂದಿನ ಕ್ರಾಸು ಹೋಗಿದೆ."

"ಹೋದ್ರೆ ಹೋಗ್ಲಿ ಬಿಡಯ್ಯ. ಇಲ್ಲಿಂದ ಚರ್ಚು, ಚರ್ಚಿಂದ ಗುಡ್ಡ ಇಳಿದ್ರೆ ಸ್ಮಶಾನ. ಅಷ್ಟಕ್ಕೆ ಏನಾಗತ್ತೆ? ಸೆಲ್ಮರ್ ಎದ್ದು ಕೂತು 'ಅಲ್ಲಾಡಿಸ್ಬೇಡ್ರೋ' ಅಂತಾನಾ?"

"ಗುಡ್ಡ ಇಳೀಬೇಕಲ್ಲ ಓಬರ್ಟ್."

ಬೂಟುಗಳು ಒಂದು ಹೆಜ್ಜೆ ಹಿಂದೆ ಸರಿದವು. ಹೆಗ್ಲಂಡ್ ಊರಿನಲ್ಲಿ ಆ ಗುಡ್ಡದ ಕತೆ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಓಬರ್ಟ್ ನಲವತ್ತೊಂದು ವರ್ಷಗಳಿಂದ ಹೇಳಿಕೊಂಡು ಬಂದ ತಮಾಷೆಯನ್ನು ಮತ್ತೊಮ್ಮೆ ಹೇಳಿದ: "ಆಯ್ತು, ಹೊಸದು ಹಾಕು. ಆದ್ರೆ ಈ ಸಲ ಕ್ಲಿಪ್ಪು ಎಣಿಸ್ಕೊಳಪ್ಪ!"

ಆರ್ವಿಡ್ ಎಂದಿನಂತೆ ನಕ್ಕ. ನಗದಿದ್ದರೆ ಜನ ಇನ್ನೂ ನೋಯಿಸುತ್ತಾರೆ ಎಂಬುದನ್ನು ಅವನು ಬಹಳ ಹಿಂದೆಯೇ ಕಲಿತಿದ್ದ.

ಹೊರಗೆ ಬಂದು ಎದ್ದು ನಿಲ್ಲುವುದಕ್ಕೆ ಎಪ್ಪತ್ತೊಂಬತ್ತರ ಮೊಣಕಾಲು ಬಹಳ ಹೊತ್ತು ತೆಗೆದುಕೊಂಡಿತು. ಶೆಡ್ಡಿನ ಬಾಗಿಲ ಬಳಿ, ಬೋರಲು ಹಾಕಿದ ಹಾಲಿನ ಕ್ಯಾನಿನ ಮೇಲೆ, ಅವನ ತಮ್ಮ ಲೋವೆಲ್ ಕಪ್ಪು ಸೂಟು ಹಾಕಿಕೊಂಡು ಕುಳಿತಿದ್ದ. ಎಡಗಾಲು ನೇರವಾಗಿ ಮುಂದೆ ಚಾಚಿತ್ತು. ಮೊಣಕಾಲಿನಿಂದ ಕೆಳಗೆ ಅದು ಅವನದಲ್ಲ. ಓರೆಗಾನ್‌ನಿಂದ ಎರಡು ವಿಮಾನ ಬದಲಿಸಿ ಸೆಲ್ಮರನ ಅಂತ್ಯಕ್ರಿಯೆಗೆ ಬಂದಿದ್ದ. ಅಣ್ಣನ ಮನೆ ಊರಿನಲ್ಲೇ ಇದ್ದರೂ ಇಳಿದುಕೊಂಡದ್ದು ಸೆಲ್ಮರನ ಮನೆಯಲ್ಲಿ. ಓಬರ್ಟನ ತಮಾಷೆಗೆ ಅವನು ನಗಲಿಲ್ಲ. ಅಣ್ಣನ ಮುಖವನ್ನೂ ನೋಡಲಿಲ್ಲ.

"ಶವದ ಕಾರು ತರಿಸ್ಬಹುದಲ್ಲ," ಎಂದು ಅಂಗಳಕ್ಕೆ ಹೇಳುವಂತೆ ಹೇಳಿದ.

"ಲಾರೀಲೇ ಹೋಗ್ಬೇಕು ಅಂತ ಸೆಲ್ಮರನ ಆಸೆ," ಎಂದ ಆರ್ವಿಡ್.

"ಆಸೇನಾ? ಅವನು ಆಸೆ ಪಟ್ಟಿದ್ದು ಅದೊಂದೇ ಅನ್ಸತ್ತೆ," ಎಂದ ಓಬರ್ಟ್. "ಪೆಟ್ಟಿಗೇಲಿ ಅಂಗಿ ನೋಡಿದ್ರಾ? ಮದುವೆಯಾದ ಐವತ್ತನೇ ವರ್ಷದ ಹಬ್ಬಕ್ಕೆ ಅಂತ ತಂದಿದ್ದು. ಹಾಳಾಗತ್ತೆ ಅಂತ ಹಾಕ್ಕೊಳ್ಲೇ ಇಲ್ಲ. ಡಬ್ಬದ ಮಡಿಕೆ ಹಾಗೇ ಇದೆ. ಡೆಲೋರಿಸ್ ಎರಡು ಸಲ ಇಸ್ತ್ರಿ ಹಾಕಿದ್ರೂ ಹೋಗ್ಲಿಲ್ವಂತೆ."

ಆ ಕಡೆಯ ಜನವೇ ಹಾಗೆ. ಹೊಸ ಟವಲು ನೆಂಟರಿಗೆ, ನೆಂಟರು ಬಂದಾಗ ಇನ್ನೂ ದೊಡ್ಡ ನೆಂಟರಿಗೆ. ಒಳ್ಳೆಯದನ್ನೆಲ್ಲ ಎತ್ತಿಟ್ಟು, ಹರಿದದ್ದನ್ನು ಹೊಲಿದುಕೊಂಡು ಬದುಕಿ, ಕೊನೆಗೊಂದು ದಿನ ಹೊಸ ಅಂಗಿಯಲ್ಲಿ ಮಣ್ಣಿಗೆ ಹೋಗುತ್ತಾರೆ.

ಅಡುಗೆಮನೆಯ ಕಿಟಕಿ ತೆರೆಯಿತು. ಸೆಲ್ಮರನ ಹೆಂಡತಿ ಡೆಲೋರಿಸ್ ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ ಹಿಡಿದುಕೊಂಡು ನಿಂತಿದ್ದಳು.

"ಏನು ಹೋಗಿದೆ ಆರ್ವಿಡ್?"

"ಹಿಂದಿನ ಕ್ರಾಸು. ಇಂಥದ್ದು ಈಗ ಎಲ್ಲೂ ಸಿಗಲ್ಲ ಡೆಲೋರಿಸ್. ತರಿಸಿದ್ರೂ ವಾರ ಬೇಕು."

ಅವಳು ಬಟ್ಟೆಯನ್ನು ಮಡಚಿದಳು. ಮತ್ತೆ ಬಿಡಿಸಿದಳು. "ಶೆಡ್ಡಲ್ಲಿ, ಮೇಲಿನ ಹಲಗೆ," ಎಂದಳು. "ನೀಲಿ ಕಾಫಿ ಡಬ್ಬಿ." ಅಷ್ಟು ಹೇಳಿ ಕಿಟಕಿ ಮುಚ್ಚಿಕೊಂಡಳು.

*

ಸೆಲ್ಮರ್ ಹಾಲಿನ ಲಾರಿಯವನು. ಹೊಲಮನೆಗಳಿಂದ ಹಾಲಿನ ಕ್ಯಾನುಗಳನ್ನು ಎತ್ತಿಕೊಂಡು ಬೆಣ್ಣೆ ಕಾರ್ಖಾನೆಗೆ ಮುಟ್ಟಿಸುವುದು ಅವನ ಕೆಲಸ. ಅವನ ಲಾರಿ ಆಗಲೇ ಹಳೆಯದು, ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಬಂದದ್ದು. ಅದರ ಹೊಟ್ಟೆಯೊಳಗಿನ ಪ್ರತಿ ಬೋಲ್ಟೂ ಆರ್ವಿಡ್‌ಗೆ ಗೊತ್ತಿತ್ತು. ಊರಿನ ನಡುವೆ ಅವನದೇ ಗ್ಯಾರೇಜು. ಬಾಗಿಲ ಮೇಲೆ 'ಮೋ ಸಹೋದರರು' ಎಂದು ಬರೆಸಿದ್ದ, ಲೋವೆಲ್ ಇನ್ನೂ ಸ್ಕೂಲಿಗೆ ಹೋಗುತ್ತಿದ್ದಾಗಲೇ.

೧೯೭೧ರ ವಸಂತದಲ್ಲಿ ಲಾರಿಯ ಎರಡೂ ಕ್ರಾಸು ಸದ್ದು ಮಾಡತೊಡಗಿದವು. ಆ ಅಳತೆಯವು ಆಗಲೇ ಮರೆಯಾಗಿದ್ದವು. ಆರ್ವಿಡ್ ಗುಜರಿಗಳನ್ನು ತಡಕಿದ. ಅಂಗಡಿಗಳಿಗೆ ಫೋನು ಮಾಡಿದ. ಕೊನೆಗೆ ಬಾಗಿಲು ಹಾಕುತ್ತಿದ್ದ ಫಾರ್ಗೋದ ಒಂದು ಅಂಗಡಿಯಲ್ಲಿ ಎರಡು ಸಿಕ್ಕವು. ಕೂಡಿಸುವ ಗುರುತಿನಂಥ ಉಕ್ಕಿನ ತುಂಡು, ನಾಲ್ಕು ತುದಿಗೆ ನಾಲ್ಕು ಬಟ್ಟಲು, ಬಟ್ಟಲೊಳಗೆ ಸೂಜಿಯಂಥ ಉರುಳೆಗಳು, ಬಟ್ಟಲು ಹಾರಿಹೋಗದಂತೆ ಒಂದೊಂದಕ್ಕೆ ಒಂದೊಂದು ಕ್ಲಿಪ್ಪು.

"ನೋಡ್ಕೋ ಸೆಲ್ಮರ್," ಎಂದು ಹೆಮ್ಮೆಯಿಂದ ತೋರಿಸಿದ್ದ. "ಇದೇ ಕೊನೇ ಜೊತೆ. ಇನ್ನು ಇಂಥದ್ದು ಹುಡುಕಿದ್ರೂ ಸಿಗಲ್ಲ."

"ಹೌದಾ?" ಎಂದು ಸೆಲ್ಮರ್ ಎರಡನ್ನೂ ಮೊಟ್ಟೆಯ ಹಾಗೆ ಅಂಗೈಯಲ್ಲಿಟ್ಟುಕೊಂಡು ನೋಡಿದ್ದ. "ಅಷ್ಟು ಅಪರೂಪದ್ದಾ?"

ಆರ್ವಿಡ್‌ನ ಗ್ಯಾರೇಜಿನಲ್ಲಿ ಎರಡು ಪದ್ಧತಿಗಳಿದ್ದವು. ತಾನು ಹಾಕಿದ ಸಾಮಾನಿನ ಮೇಲೆ ಉಳಿಯಿಂದ ಮೂರು ಚುಕ್ಕಿ ಕುಟ್ಟುವುದು ಒಂದು. ತೆಗೆದ ಹಳೆಯ ಸಾಮಾನನ್ನು ಹೊಸದರ ಡಬ್ಬದಲ್ಲೇ ಹಾಕಿ ಯಜಮಾನನಿಗೆ ವಾಪಸು ಕೊಡುವುದು ಇನ್ನೊಂದು. ಬದಲಾಯಿಸದೆ ದುಡ್ಡು ತೆಗೆದುಕೊಂಡ ಎಂಬ ಮಾತು ಬರಬಾರದು. ಅವತ್ತು ಮುಂದಿನ ಕ್ರಾಸಿಗೆ ತಾನೇ ಚುಕ್ಕಿ ಕುಟ್ಟಿದ. ಹಿಂದಿನದಕ್ಕೆ ಲೋವೆಲ್ ಕೈಗೆ ಉಳಿ ಕೊಟ್ಟ. ಲೋವೆಲ್‌ಗೆ ಇಪ್ಪತ್ತೊಂದು. ಒಂದು ಕೈಯಲ್ಲಿ ದೀಪ ಹಿಡಿದುಕೊಂಡೇ ಕುಟ್ಟಲು ಹೋಗಿ ಮೂರನೆಯ ಚುಕ್ಕಿ ಸಾಲು ಬಿಟ್ಟು ಓರೆಯಾಗಿ ಬಿತ್ತು.

"ಕುಡಿದು ಬಂದಿದ್ದೀಯೇನೋ?" ಎಂದು ಆರ್ವಿಡ್ ರೇಗಿಸಿದ್ದ.

"ನನ್ನ ಚುಕ್ಕಿ ಹೀಗೇ ಇರತ್ತೆ. ಯಾರದ್ದು ಅಂತ ಗೊತ್ತಾಗ್ಬೇಕಲ್ಲ!"

ಮರುವಾರ ಲೋವೆಲ್ ಕ್ಯಾನು ಎತ್ತಿಕೊಡಲು ಸೆಲ್ಮರನ ಜೊತೆ ಲಾರಿ ಹತ್ತಿದ. ತುಂಬಿದ ಕ್ಯಾನುಗಳೊಂದಿಗೆ ಗುಡ್ಡ ಇಳಿಯುವಾಗ ಹಿಂದಿನ ಕ್ರಾಸು ಕಿತ್ತುಬಂತು. ಶಾಫ್ಟಿನ ತುದಿ ನೆಲಕ್ಕೆ ಬಿದ್ದು, ಹುಚ್ಚು ಕುದುರೆಯ ಕಾಲಿನಂತೆ ಒದ್ದಾಡಿ, ಬ್ರೇಕಿನ ಎಣ್ಣೆಯ ಕೊಳವೆಯನ್ನು ಕತ್ತರಿಸಿಹಾಕಿತು. ಹಿಡಿಯಲು ಎಂಜಿನ್ನಿಲ್ಲ, ತಡೆಯಲು ಬ್ರೇಕಿಲ್ಲ. ಕೆಳಗಿನ ತಿರುವಿನಲ್ಲಿ ಲಾರಿ ಹಳ್ಳಕ್ಕೆ ಮಗುಚಿತು. ಸೆಲ್ಮರನ ಹಣೆಗೆ ನಾಲ್ಕು ಹೊಲಿಗೆ. ಲೋವೆಲ್‌ನ ಕಾಲು, ಅವನು ಬಾಗಿಲಿನಿಂದ ಹೊರಗೆ ಬಿದ್ದಾಗ, ಉರುಳಿಬಂದ ಕ್ಯಾನುಗಳ ಅಡಿಗೆ ಸಿಕ್ಕಿತು.

ಮುಂದಿನ ಕ್ರಾಸು, ನೆಟ್ಟಗಿನ ಮೂರು ಚುಕ್ಕಿಯದು, ನಾಲ್ಕೂ ಕ್ಲಿಪ್ಪುಗಳ ಸಮೇತ ಶಾಫ್ಟಿನಲ್ಲೇ ಇತ್ತು. ಹಿಂದಿನದರ ಜಾಗದಲ್ಲಿ ಏನೂ ಇರಲಿಲ್ಲ. ರಸ್ತೆಯ ಮೇಲೆ ಬಿದ್ದ ಚೂರುಗಳನ್ನು ಅದೇ ಸಂಜೆ ಹಣೆಗೆ ಪಟ್ಟಿ ಕಟ್ಟಿಕೊಂಡು ಸೆಲ್ಮರನೇ ಹೋಗಿ ಹೆಕ್ಕಿ ತಂದ. ಕ್ಲಿಪ್ಪು ಹಾಕಲು ಆರ್ವಿಡ್ ಮರೆತಿದ್ದಾನೆ ಎಂದು ಊರು ತೀರ್ಮಾನಿಸಿತು.

"ನಾಲ್ಕೂ ಹಾಕಿದ್ದೆ," ಎಂದು ಆರ್ವಿಡ್ ಹೇಳಿದ. ಒಂದು ತಿಂಗಳು ಹೇಳಿದ. ಆಮೇಲೆ "ಹಾಕಿದ್ದೆ ಅನ್ಸತ್ತೆ," ಎಂದ. ಚಳಿಗಾಲ ಬರುವಷ್ಟರಲ್ಲಿ ಹೇಳುವುದನ್ನೇ ಬಿಟ್ಟ. ಗ್ಯಾರೇಜು ಮಾರಿ, ಧಾನ್ಯದ ಉಗ್ರಾಣದಲ್ಲಿ ಲಾರಿಗಳನ್ನು ತೂಕ ಮಾಡುವ ಕೆಲಸಕ್ಕೆ ಸೇರಿದ. ಲೋವೆಲ್ ಆಸ್ಪತ್ರೆಯಿಂದ ಬಂದವನು ಅಣ್ಣನ ಕಡೆ ತಿರುಗದೆ ಓರೆಗಾನ್‌ಗೆ ಹೊರಟುಹೋದ.

ಜೊತೆಗೆ ಉಳಿದವನು ಸೆಲ್ಮರ್ ಒಬ್ಬನೇ. ಅಪಘಾತವಾದ ಮೊದಲ ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ಆರ್ವಿಡ್‌ನ ಭುಜದ ಮೇಲೆ ಕೈಯಿಟ್ಟು, "ಯಾರಿಗಾದ್ರೂ ಆಗಬಹುದಾದದ್ದು. ನನಗೆ ಇವನ ಮೇಲೆ ಏನೂ ಇಲ್ಲ," ಎಂದಿದ್ದ. ಆ ಕೈಯ ಬಿಸಿಯನ್ನು ಆರ್ವಿಡ್ ಜೀವಮಾನವಿಡೀ ಮರೆಯಲಿಲ್ಲ. ಲಾರಿಯನ್ನು ಮತ್ತೆ ಎತ್ತಿ ನಿಲ್ಲಿಸಿದಾಗ, ಪ್ರತಿವರ್ಷ ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆಗೆ ಅದನ್ನು ಸಜ್ಜುಮಾಡುವಾಗ, ಆರ್ವಿಡ್ ಒಂದು ಕಾಸೂ ಮುಟ್ಟದೆ ದುಡಿದ. ಕಾರ್ಬುರೇಟರು, ಬ್ರೇಕು, ದೀಪ ಎಲ್ಲ ಅವನದೇ. ಶಾಫ್ಟು ಮಾತ್ರ ಮುಟ್ಟುತ್ತಿರಲಿಲ್ಲ.

"ಅದನ್ನ ನಾನೇ ನೋಡ್ಕೋತೀನಿ ಬಿಡು," ಎನ್ನುತ್ತಿದ್ದ ಸೆಲ್ಮರ್. ನನ್ನ ಮನಸ್ಸು ನೋಯದಿರಲಿ ಎಂದು ಹೀಗೆ ಹೇಳುತ್ತಾನೆ ಎಂದುಕೊಂಡು ಆರ್ವಿಡ್‌ನ ಕಣ್ಣು ತೇವವಾಗುತ್ತಿತ್ತು.

*

ಡಬ್ಬಿ ಹಲಗೆಯ ತೀರಾ ಹಿಂದೆ, ಗೋಡೆಗೆ ಆನಿಸಿ ಇತ್ತು. ಆರ್ವಿಡ್ ಮುಚ್ಚಳ ತೆಗೆದ. ಎಣ್ಣೆ ಕಾಗದದ ಗಂಟು. ಬಿಡಿಸಿದರೆ ಕ್ರಾಸು, ನಿನ್ನೆ ಅಂಗಡಿಯಿಂದ ತಂದದ್ದರ ಹಾಗೆ ಮಿರುಗುತ್ತಿತ್ತು. ನಾಲ್ಕು ಬಟ್ಟಲುಗಳಿಗೂ ಅಡ್ಡಡ್ಡ ತಂತಿ ಬಿಗಿದಿತ್ತು. ಕ್ಲಿಪ್ಪುಗಳು ಬೇರೆ ಸಣ್ಣ ಪೊಟ್ಟಣದಲ್ಲಿ.

ಮೊದಲು ಅವನಿಗೆ ಆದದ್ದು ಬರೀ ಖುಷಿ. "ಸಿಕ್ತು!" ಎಂದು ಕೂಗಿಯೂ ಬಿಟ್ಟ. ಹೊರಗೆ ಓಬರ್ಟ್, "ದೇವರು ದೊಡ್ಡವನು, ನಾನು ಚರ್ಚಿನ ಕಡೆ ನೋಡ್ಕೊಂಡು ಬರ್ತೀನಿ," ಎಂದು ಕಾರು ಹತ್ತಿ ಹೋದ.

ಆರ್ವಿಡ್ ಕಿಟಕಿಯ ಬೆಳಕಿಗೆ ಹೋಗಿ ಗ್ರೀಸನ್ನು ಹೆಬ್ಬೆರಳಿನಿಂದ ಒರೆಸಿದ. ನಡುವಿನ ಮೈಮೇಲೆ ಎರಡು ಚುಕ್ಕಿ ಸಾಲಾಗಿದ್ದವು. ಮೂರನೆಯದು ಓರೆ.

ಅವನು ಮತ್ತೊಮ್ಮೆ ಒರೆಸಿದ. ಕನ್ನಡಕ ತೆಗೆದು ಅಂಗಿಗೆ ಉಜ್ಜಿ ಹಾಕಿಕೊಂಡು ನೋಡಿದ. ಇದು ಇಲ್ಲಿರಲು ಸಾಧ್ಯವಿಲ್ಲ. ಇದು ಗುಡ್ಡದ ರಸ್ತೆಯಲ್ಲಿ ಚೂರಾಗಿ ಹೋಯಿತು. ಇದರಿಂದಲೇ ಲೋವೆಲ್‌ನ ಕಾಲು ಹೋಯಿತು. ಇದರ ಕ್ಲಿಪ್ಪನ್ನು ತಾನು ಮರೆತೆನೆಂದು ಎಷ್ಟೋ ರಾತ್ರಿ ಹಾಸಿಗೆಯಲ್ಲಿ ಬೆರಳಿನಿಂದ ಗಾಳಿಯಲ್ಲಿ ಕ್ಲಿಪ್ಪು ಹಾಕಿ ನೋಡಿದ್ದಾನೆ.

ಇದು ಇಲ್ಲಿದ್ದರೆ, ಅವತ್ತು ಲಾರಿಯಲ್ಲಿ ಇದ್ದದ್ದು ಯಾವುದು? ಆ ಪ್ರಶ್ನೆಗೆ ಒಂದೇ ಉತ್ತರವಿತ್ತು. ಆರ್ವಿಡ್ ತಾನೇ ಡಬ್ಬದಲ್ಲಿ ಹಾಕಿ ವಾಪಸು ಕೊಟ್ಟಿದ್ದ ಹಳೆಯದು. ಅದು ಚೂರಾದ ಮೇಲೆ ಇಷ್ಟು ವರ್ಷ ತಿರುಗಿದ್ದು ಮುಂದಿನ ತುದಿಯಿಂದ ತೆಗೆದ ಇನ್ನೊಂದು ಹಳೆಯದು.

ಅವನು ಕೆಲಸದ ಮೇಜಿನ ಅಂಚನ್ನು ಹಿಡಿದುಕೊಂಡ. ಇದೇ ಮೇಜಿನ ಮುಂದೆ ಎಷ್ಟು ವಸಂತಗಳು ಅವನೂ ಸೆಲ್ಮರನೂ ಹೆಗಲಿಗೆ ಹೆಗಲು ತಾಗಿಸಿ ಕೆಲಸ ಮಾಡಿದ್ದರು. ತಲೆಯ ಮೇಲೆ, ಕೈ ಚಾಚಿದರೆ ಸಿಗುವಲ್ಲಿ, ಡಬ್ಬಿ ಇತ್ತು.

*

ಅಡುಗೆಮನೆಯ ಮೇಜಿನ ತುಂಬ ನೆರೆಹೊರೆಯವರು ಕೊಟ್ಟುಹೋದ ಪಾತ್ರೆಗಳು: ಹಂದಿಮಾಂಸದ ಹ್ಯಾಮು, ಆಲೂಗೆಡ್ಡೆ, ಸಿಹಿ ಬಿಲ್ಲೆಗಳು. ಯಾವ ಪಾತ್ರೆ ಯಾರದೆಂದು ಅಡಿಗೆ ಹೆಸರಿನ ಪಟ್ಟಿ ಅಂಟಿಸಿತ್ತು. ಆರ್ವಿಡ್ ಕ್ರಾಸನ್ನು ಅವುಗಳ ನಡುವೆ ಇಟ್ಟ.

"ನಿನಗೆ ಗೊತ್ತಿತ್ತಾ ಡೆಲೋರಿಸ್?"

"ನೀಲಿ ಡಬ್ಬಿ ಅಂತ ನಾನೇ ಅಲ್ವಾ ಹೇಳಿದ್ದು."

"ಯಾವಾಗಿಂದ?"

ಡೆಲೋರಿಸ್ ಒರೆಸಿ ಆಗಿದ್ದ ತಟ್ಟೆಯನ್ನು ಮತ್ತೆ ಒರೆಸಿದಳು. "ಅದೇ ರಾತ್ರಿಯಿಂದ. ಚೂರುಗಳನ್ನ ಹೆಕ್ಕೊಂಡು ಬಂದು ಇಲ್ಲೇ ಕೂತು ಅತ್ತ. ಹಳೇದರಲ್ಲಿ ಇನ್ನೊಂದು ಬೇಸಿಗೆ ಆಗೋಷ್ಟು ಜೀವ ಇತ್ತು, ಇಂಥದ್ದು ಇನ್ನು ಸಿಗಲ್ಲ ಅಂತ ಆರ್ವಿಡ್ಡೇ ಅಂದ, ಅದಕ್ಕೆ ಒಂದನ್ನ ತೆಗೆದು ಎತ್ತಿಟ್ಟೆ ಅಂದ."

"ನಾನು ಅಂದೆ ಅಂತ!"

"ಹಾಗೇ ಹೇಳಿದ."

"ಲೋವೆಲ್ ಕಾಲು ಹೋಯ್ತು ಡೆಲೋರಿಸ್."

"ಗೊತ್ತು."

"ನನ್ನ ಗ್ಯಾರೇಜು ಹೋಯ್ತು."

"ಗೊತ್ತು ಅಂದ್ನಲ್ಲ ಆರ್ವಿಡ್." ಅವಳು ತಟ್ಟೆ ಕೆಳಗಿಟ್ಟಳು. "ಭಾನುವಾರ ಚರ್ಚಲ್ಲಿ ಎಲ್ಲರ ಮುಂದೆ ಹೇಳಿಬಿಡ್ತೀನಿ ಅಂತ್ಲೇ ಹೋದ. ನಿನ್ನ ಭುಜದ ಮೇಲೆ ಕೈ ಇಟ್ಟ. ಬಾಯಿಗೆ ಬೇರೆ ಮಾತು ಬಂತು. ಜನ ಎಲ್ಲ ಎಂಥ ದೊಡ್ಡ ಮನುಷ್ಯ ಅಂದ್ರು. ಆಮೇಲೆ ಇಳಿಯೋದು ಹೇಗೆ? ಒಂದು ಒಳ್ಳೇ ದಿನ ನೋಡಿ ಹೇಳ್ತೀನಿ ಅಂತಿದ್ದ. ಅದನ್ನೂ ಎತ್ತಿಟ್ಟ."

"ನೀನು ಹೇಳಬಹುದಿತ್ತು."

"ಹೌದು," ಎಂದಳು ಡೆಲೋರಿಸ್. "ಪೈ ಮಾಡಿ ಕಳಿಸ್ತಿದ್ದೆ," ಎಂದಳು.

ಪ್ರತಿ ಜೂನಿನಲ್ಲಿ ತಪ್ಪದೆ ಬರುತ್ತಿದ್ದ, ರೂಬಾರ್ಬ್ ಎಂಬ ಹುಳಿ ದಂಟು ತುಂಬಿ ಬೇಯಿಸಿದ ಸಿಹಿ ಪೈ ಆರ್ವಿಡ್‌ಗೆ ನೆನಪಾಯಿತು. ಬೆಚ್ಚಗಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇಡೀ ಊರು ಬಿಟ್ಟರೂ ಇವರಿಬ್ಬರು ನನ್ನನ್ನು ಬಿಡಲಿಲ್ಲ ಎಂದುಕೊಳ್ಳುತ್ತಿದ್ದ.

"ಶವದ ಕಾರು ತರಿಸ್ತೀನಿ. ನಿನ್ನ ಕೇಳೋ ಮುಖ ನನಗಿಲ್ಲ," ಎಂದಳು.

ಅವನು ಕ್ರಾಸು ಎತ್ತಿಕೊಂಡು ಹೊರಟ. ಬಾಗಿಲಲ್ಲಿ ತಿರುಗಿ, "ನಾನು ಅವನ ಕಾಲಿಗೆ ಚಪ್ಪಲಿಯಾಗಿದ್ದೆನಲ್ಲ ಡೆಲೋರಿಸ್," ಎಂದ.

*

ಲೋವೆಲ್ ಕ್ಯಾನಿನ ಮೇಲೆ ಹಾಗೇ ಕುಳಿತಿದ್ದ. ಆರ್ವಿಡ್ ಅವನ ಅಂಗೈ ಹಿಡಿದು ಬಿಡಿಸಿ ಕ್ರಾಸನ್ನು ಇಟ್ಟ. ಎಷ್ಟೋ ವರ್ಷಗಳ ಮೇಲೆ ತಮ್ಮನ ಕೈಯನ್ನು ಮುಟ್ಟಿದ್ದ, ಅದೂ ಮುದಿಯಾಗಿತ್ತು.

"ಏನಿದು? ಸೂಟಿಗೆ ಗ್ರೀಸು ಆಗತ್ತೆ."

"ಚುಕ್ಕಿ ನೋಡು."

ಲೋವೆಲ್ ನೋಡಿದ. ಅವನ ಹೆಬ್ಬೆರಳು ಮೊದಲನೆಯ ಚುಕ್ಕಿ, ಎರಡನೆಯ ಚುಕ್ಕಿ ದಾಟಿ ಮೂರನೆಯದನ್ನು ಹುಡುಕಿಕೊಂಡು ಪಕ್ಕಕ್ಕೆ ಸರಿದು ಅಲ್ಲೇ ನಿಂತಿತು.

"ಇದು ನಂದು."

"ನಿಂದೇ."

"ಇದು ರಸ್ತೇಲಿ ಚೂರಾಯ್ತು ಅಂದ್ರಲ್ಲ?"

"ಅಂದ್ರು."

ಲೋವೆಲ್ ಒಂದು ಬಟ್ಟಲಿನ ತಂತಿ ಸರಿಸಿ ಒಳಗೆ ನೋಡಿದ. ಗ್ಯಾರೇಜು ಬಿಟ್ಟರೂ ಕಣ್ಣು ಗ್ಯಾರೇಜಿನದೇ. "ಇದು ಹತ್ತು ಮೈಲೀನೂ ತಿರುಗಿಲ್ಲ," ಎಂದ. "ಎಲ್ಲಿತ್ತು?"

"ಡಬ್ಬೀಲಿ. ಹಳೇದನ್ನೇ ವಾಪಸು ಹಾಕಿ ಇದನ್ನ ಎತ್ತಿಟ್ಟಿದ್ದ. ಸಾಮಾನು ಅಪರೂಪದ್ದು ಅಂತ."

ಲೋವೆಲ್ ತಂತಿಯನ್ನು ಮತ್ತೆ ಬಟ್ಟಲಿನ ಮೇಲೆ ಬಿಗಿದ. ಆಮೇಲೆ ಲೋವೆಲ್ ನಗಲು ಹೋದ, ಬಂದದ್ದು ಕೆಮ್ಮು.

"ಪ್ರತಿ ಕ್ರಿಸ್‌ಮಸ್‌ಗೆ ಫೋನ್ ಮಾಡ್ತಿದ್ದ ಕಣೋ ನನಗೆ. ಒಂದು ವರ್ಷ ತಪ್ಪಿಸ್ಲಿಲ್ಲ. 'ಅಣ್ಣನ ಮೇಲೆ ಸಿಟ್ಟು ಬಿಡು ಲೋವೆಲ್, ಮನುಷ್ಯ ಅಂದ್ಮೇಲೆ ಮರೀತಾನೆ' ಅಂತಿದ್ದ. ಎಂಥ ದೇವರಂಥ ಮನುಷ್ಯ ಅಂದ್ಕೋತಿದ್ದೆ. ನಿನ್ನ ಮೇಲೆ ಸಿಟ್ಟು ಇನ್ನೂ ಜಾಸ್ತಿ ಆಗ್ತಿತ್ತು." ಕ್ರಾಸನ್ನು ತಿರುಗಿಸಿದ. "ಅಮ್ಮ ಹೋದಾಗ ನಿನ್ನ ಬೆಂಚಲ್ಲಿ ಕೂರ್ಲಿಲ್ಲ. ಅವನ ಪಕ್ಕ ಕೂತೆ."

"ನೋಡಿದ್ದೆ."

"ಬೈಯಬಾರ್ದಿತ್ತಾ? ನಾನು ಕ್ಲಿಪ್ಪು ಹಾಕಿದ್ದೆ ಕಣೋ ಅಂತ ಹಿಡಿದು ಅಲ್ಲಾಡಿಸಿ ಹೇಳಬಾರ್ದಿತ್ತಾ?"

"ನನಗೇ ನಂಬಿಕೆ ಹೋಗಿತ್ತು," ಎಂದ ಆರ್ವಿಡ್. ಅದನ್ನು ಜೋರಾಗಿ ಹೇಳಿದ್ದು ಅದೇ ಮೊದಲು.

ಚರ್ಚಿನ ಮೊದಲ ಗಂಟೆ ಕೇಳಿಸಿತು. ಆರ್ವಿಡ್ ಲಾರಿಯ ಕಡೆ ನೋಡಿದ. "ಇದೊಂದೇ ಸಾಕ್ಷಿ. ಲಾರಿ ಅಡಿಗೆ ಹಾಕಿದ್ರೆ ಹಳೇ ಲಾರೀಲಿ ಹೊಸ ಕ್ರಾಸು, ಅಷ್ಟೆ. ಆಮೇಲೆ ಯಾರೂ ನಂಬಲ್ಲ. ಹಾಕ್ದೇ ಇದ್ರೆ ಅವನು ಲಾರೀಲಿ ಹೋಗಲ್ಲ. ನೀನು ಹೇಳು."

"ನನ್ನ ಯಾಕೆ ಕೇಳ್ತೀಯಾ?"

"ಕಾಲು ನಿಂದು."

ಲೋವೆಲ್ ಚಾಚಿದ್ದ ಕಾಲನ್ನು ನೋಡಿಕೊಂಡ. ದೂರದ ಗುಡ್ಡವನ್ನು ನೋಡಿದ. ಆಮೇಲೆ ಕ್ರಾಸನ್ನು ಅಣ್ಣನ ಕೈಗೆ ವಾಪಸಿಟ್ಟ.

"ಹಾಕು. ನಾನು ನೋಡಿದ್ದಾಯ್ತಲ್ಲ." ಸೂಟಿನ ಕೋಟು ಕಳಚಿ ಬಾಗಿಲಿಗೆ ನೇತುಹಾಕಿ, "ದೀಪ ಎಲ್ಲಿದೆ?" ಎಂದ.

ಶಾಫ್ಟಿನ ತುದಿ ಬಿಚ್ಚಿ ಇಳಿಸುವುದಕ್ಕಿಂತ ಮೊದಲು ಆರ್ವಿಡ್ ಎರಡೂ ಕಡೆಗೆ ಸೀಮೆಸುಣ್ಣದಿಂದ ಗೆರೆ ಹಾಕಿಕೊಂಡ, ಇದ್ದ ಹಾಗೇ ವಾಪಸು ಕೂರಬೇಕು. ತುದಿಯನ್ನು ಮೇಜಿನ ವೈಸಿನ ದವಡೆಗಳ ನಡುವೆ ಸಿಕ್ಕಿಸಿ, ಒಂದು ಕಡೆ ಬೋಲ್ಟು ಬಿಚ್ಚುವ ಚಿಕ್ಕ ಸಾಕೆಟ್ಟು, ಇನ್ನೊಂದು ಕಡೆ ದೊಡ್ಡದು ಇಟ್ಟು ಒತ್ತಿದ. ಸವೆದ ಕ್ರಾಸು ತುಕ್ಕು ಉದುರಿಸಿಕೊಂಡು ಹೊರಬಂತು. ಹೊಸದರ ಹಳೆಯ ಗ್ರೀಸು ತೆಗೆದು ಹೊಸ ಗ್ರೀಸು ತುಂಬಿದ. ಸೂಜಿಗಳು ಒಂದೂ ಬೀಳದಂತೆ ಬಟ್ಟಲುಗಳನ್ನು ಸ್ವಲ್ಪಸ್ವಲ್ಪವಾಗಿ ಒತ್ತಿದ. ನಲವತ್ತೊಂದು ವರ್ಷ ಗಾಳಿಯಲ್ಲಿ ಮಾಡಿದ ಕೆಲಸ, ಮರೆತಿರಲಿಲ್ಲ.

ಮೊದಲ ಕ್ಲಿಪ್ಪು 'ಟಿಕ್' ಎಂದು ತನ್ನ ಸೀಳಿನಲ್ಲಿ ಕೂತಿತು.

"ಒಂದು," ಎಂದ ಲೋವೆಲ್ ದೀಪ ಹಿಡಿದುಕೊಂಡು.

ಮೂರನೆಯದು ಕೂರಲಿಲ್ಲ. ಲೋವೆಲ್ ಸುತ್ತಿಗೆ ಕೊಡಲು ಹೋದ. ಆರ್ವಿಡ್ ಬೇಡವೆಂದು ತಲೆಯಾಡಿಸಿ ಬಟ್ಟಲನ್ನು ಹೊರತೆಗೆದ. ಒಳಗೆ ಒಂದು ಸೂಜಿ ಅಡ್ಡ ಬಿದ್ದಿತ್ತು. ಎತ್ತಿ ನಿಲ್ಲಿಸಿ, ಮತ್ತೆ ಒತ್ತಿದ. ಟಿಕ್.

"ಮೂರು," ಎಂದ ಲೋವೆಲ್. ಕೊನೆಯದು ಕೂತಾಗ "ನಾಲ್ಕು" ಎನ್ನುವಷ್ಟರಲ್ಲಿ ಅವನ ದನಿ ಒಡೆದಿತ್ತು.

ಶಾಫ್ಟನ್ನು ಮೇಲಕ್ಕೆತ್ತಿ ಬೋಲ್ಟು ಬಿಗಿಯುತ್ತಿರುವಾಗ ಓಬರ್ಟ್ ಕೈಗಡಿಯಾರ ನೋಡಿಕೊಳ್ಳುತ್ತ ಬಂದ. "ಪಾದ್ರಿಯಮ್ಮ ಕೇಳ್ತಿದಾರೆ, ಮುಗೀತಾ? ಕ್ಲಿಪ್ಪು ಎಣಿಸಿದ್ಯಾ ಆರ್ವಿಡ್?"

ಈ ಸಲ ಆರ್ವಿಡ್ ನಗಲಿಲ್ಲ.

"ನಾನು ಎಣಿಸ್ದೆ," ಎಂದ ಲೋವೆಲ್. "ನಾಲ್ಕಿದಾವೆ. ಆವತ್ತೂ ನಾಲ್ಕೇ ಇದ್ವು ಓಬರ್ಟ್. ಇನ್ನೊಂದು ಸಲ ಆ ಮಾತು ಆಡಿದ್ರೆ ಈ ಮರದ ಕಾಲಲ್ಲೇ ಒದೀತೀನಿ."

ಓಬರ್ಟ್ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದ. ಹೋಗಿ ಕಾರಿನಲ್ಲಿ ಕುಳಿತ.

*

ಚರ್ಚಿನಲ್ಲಿ ಪಾದ್ರಿಯಮ್ಮ ಸೆಲ್ಮರನ ಬಗ್ಗೆ ಒಳ್ಳೆಯ ಮಾತಾಡಿದರು. ದುಂದು ಮಾಡದವನು, ಹಳೆಯದನ್ನು ಎಸೆಯದವನು, ಕ್ಷಮಿಸಲು ಗೊತ್ತಿದ್ದವನು ಎಂದರು. ಕ್ಷಮೆಯ ಮಾತು ಬಂದಾಗ ಕೆಲವರು ಅಭ್ಯಾಸಬಲದಿಂದ ಆರ್ವಿಡ್‌ನ ಕಡೆ ತಿರುಗಿ ನೋಡಿದರು. ಮೋ ಸಹೋದರರು ಒಂದೇ ಬೆಂಚಿನಲ್ಲಿ ಕುಳಿತಿದ್ದರು. ಇಬ್ಬರ ಉಗುರುಗಳಲ್ಲೂ ಗ್ರೀಸು. ಮುಂದಿನ ಸಾಲಿನಲ್ಲಿ ಡೆಲೋರಿಸ್ ತಲೆ ಎತ್ತಲಿಲ್ಲ.

ಪೆಟ್ಟಿಗೆಯನ್ನು ಲಾರಿಗೆ ಏರಿಸಿದರು. ಆರ್ವಿಡ್ ಸ್ಟಿಯರಿಂಗ್ ಹಿಡಿದ. ಲೋವೆಲ್ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡು ಪಕ್ಕದಲ್ಲಿ ಕುಳಿತ, ಅವತ್ತು ಕುಳಿತಿದ್ದ ಜಾಗದಲ್ಲೇ. ಗುಡ್ಡದ ತಲೆಯಲ್ಲಿ ಆರ್ವಿಡ್ ಗೇರು ಇಳಿಸಿದ. ಲೋವೆಲ್ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡ. ಲಾರಿ ಎಂಜಿನ್ನಿನ ಹಿಡಿತದಲ್ಲಿ, ಒಂದು 'ಠಣ್' ಇಲ್ಲದೆ, ನೀರು ಇಳಿದ ಹಾಗೆ ತಿರುವು ದಾಟಿ ಇಳಿಯಿತು.

ಸ್ಮಶಾನದ ಗೇಟಿನಲ್ಲಿ ನಿಂತಿದ್ದ ಯಾರೋ ಹೇಳಿದರು: "ನೋಡ್ರಪ್ಪ, ಎಷ್ಟು ಚೆನ್ನಾಗಿ ಇಟ್ಕೊಂಡಿದ್ದ ಲಾರೀನ. ಸೆಲ್ಮರ್ ಅಂದ್ರೆ ಸೆಲ್ಮರ್."

ಆರ್ವಿಡ್ ಕೇಳಿಸಿಕೊಂಡ. ಎಂಜಿನ್ನು ಆರಿಸಿದ.

ಮಣ್ಣು ಹಾಕಿ ಮುಗಿದ ಮೇಲೆ ಎಲ್ಲರೂ ಚರ್ಚಿನ ನೆಲಮಾಳಿಗೆಯ ಊಟಕ್ಕೆ ಹೊರಟರು. ಡೆಲೋರಿಸ್ ಲಾರಿಯ ಹತ್ತಿರ ಬಂದು ಏನೋ ಹೇಳಲು ನಿಂತಳು. ಆರ್ವಿಡ್ ಲಾರಿಯ ಕೀಲಿಕೈಯನ್ನು ಸಂಜೆ ತಂದುಕೊಡುವುದಾಗಿ ಹೇಳಿದ. ಅವಳು ತಲೆಯಾಡಿಸಿ ಓಬರ್ಟನ ಕಾರಿನ ಕಡೆ ನಡೆದಳು.

ಲೋವೆಲ್ ಜೇಬಿನಿಂದ ಸವೆದ ಕ್ರಾಸನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಹಳೆಯ ಸಾಮಾನು ಯಜಮಾನನಿಗೆ ವಾಪಸು ಹೋಗಬೇಕು; ಯಜಮಾನ ಈಗ ಇಲ್ಲ. ಕಪ್ಪು ಪ್ಯಾಂಟಿನ ಮೇಲೆ ಕೆಂಪು ಪುಡಿ ಉದುರಿತ್ತು. ಅವನು ಅದನ್ನು ಕೊಡವಿಕೊಳ್ಳಲಿಲ್ಲ.

"ಊಟಕ್ಕೆ ಹೋಗೋದಾ?" ಎಂದ ಆರ್ವಿಡ್.

"ಬೇಡ. ನಿನ್ನ ಮನೇಲಿ ಏನಿದೆ?"

"ಮೊಟ್ಟೆ ಇದೆ. ಬ್ರೆಡ್ ಇದೆ."

"ಸಾಕು."

ಲಾರಿ ಗುಡ್ಡ ಹತ್ತಿತು. ಹೋಗುವಾಗ ಅದರಲ್ಲಿ ಮೂವರಿದ್ದರು. ಬರುವಾಗ ಇಬ್ಬರು.